ಹತ್ತು ಎಣಿಸುವುದರೊಳಗೆ

ನಮ್ಮ ಸೋದರಮಾವನಿಗೆ ಇಡೀ ಜನ್ಮದಲ್ಲಿ ಇದ್ದ ಚಿಂತೆ ಒಂದೇ: ಸೆಗಣಿಗೆ ಚಳಿಯಾಗಬಾರದು! ಹೆಂಡತಿ ಕೆಮ್ಮಿದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಹಿತ್ತಲಿನ ಡ್ರಮ್ಮು ಗುಳುಗುಳು ಅನ್ನುವುದು ನಿಂತರೆ ಮಾತ್ರ ಊಟ ಬಿಟ್ಟು ಎದ್ದು ಓಡುತ್ತಿದ್ದರು.

ಕಲಬುರಗಿಯ ಬ್ರಹ್ಮಪುರದಲ್ಲಿ ಅವರ ಮನೆ. ನಿಜಾಮರ ಕಾಲದ ಸಾಲೆಯಲ್ಲಿ ವಿಜ್ಞಾನದ ಮಾಸ್ತರಿಕೆ. ನಾನು ಅವರ ಮನೆಯಲ್ಲಿದ್ದು ಓದಿದವಳು, ಆದ್ದರಿಂದ ಆ ವಾಸನೆಯಲ್ಲಿ ನನಗೂ ಪಾಲಿದೆ. ಗಾಳಿಯಾಡದಂತೆ ಮುಚ್ಚಿದ ದೊಡ್ಡ ತಗಡಿನ ಡ್ರಮ್ಮು. ಒಳಗೆ ಸೆಗಣಿ, ಮುಸುರೆ, ಕಮಲಾಪುರದಿಂದ ಬಂಡಿಯಲ್ಲಿ ಬರುವ ಬಾಳೆದಿಂಡು ಮತ್ತು, ಹೇಳಲು ನಾಚಿಕೆ, ಓಣಿಯ ಪಾಯಖಾನೆಗಳ ಸರಕು! ಇದೆಲ್ಲ ಕೊಳೆತು ಮೇಲಿನ ಕೊಳವೆಯಲ್ಲಿ ನೀಲಿ ಉರಿ ಬರುತ್ತಿತ್ತು. ಆ ಉರಿಯ ಮೇಲೆ ಮಾವನ ಹೆಂಡತಿ, ನಮ್ಮ ಅತ್ತಿ, ಒಂದು ದಿನವೂ ಹಾಲು ಕಾಯಿಸಲಿಲ್ಲ.

ಆದರೆ ಮಾವನಿಗೆ ಬೇಕಾದದ್ದು ಉರಿಯಲ್ಲ, ಕಾವು. ಬೆಚ್ಚಗಿದ್ದರೆ ಕೊಳೆಯಲು ತಿಂಗಳುಗಟ್ಟಲೆ ಬೇಕು, ಸುಡುವಂತಿದ್ದರೆ ಹದಿನೈದು ದಿನ ಸಾಕು, ವಾಂತಿಭೇದಿಯ ವಿಷವೂ ಅದರೊಳಗೇ ಸಾಯುತ್ತದೆ ಎಂಬುದು ಅವರ ವಾದ. ಅದಕ್ಕೇ ಡ್ರಮ್ಮಿನ ಸುತ್ತ ಆಳೆತ್ತರ ತೊಗರಿ ಹೊಟ್ಟು ತುಂಬಿದ ಗೂಡು, ದಿನಕ್ಕೆರಡು ಸಲ ಹಂಡೆಗಟ್ಟಲೆ ಬಿಸಿನೀರು. ಮನೆಯವರೆಲ್ಲ ತಣ್ಣೀರಿನಲ್ಲಿ ಸ್ನಾನ ಮಾಡುತ್ತಿದ್ದೆವು, ಡ್ರಮ್ಮಿಗೆ ಮಾತ್ರ ಅಭ್ಯಂಜನ! ಬೆಳಿಗ್ಗೆ ಅಂಗೈ ತಗಡಿಗೊತ್ತಿ ಎಣಿಸುವರು. ಹತ್ತರೊಳಗೆ ಕೈ ಎಳೆದುಕೊಂಡರೆ ಆ ದಿನ ಸಾಲೆಯ ಹುಡುಗರಿಗೆ ಏಟಿಲ್ಲ. ನನಗೊಮ್ಮೆ ಜ್ವರ ಬಂದಾಗ ಹಣೆಯ ಮೇಲೂ ಕೈಯಿಟ್ಟು ಎಣಿಸಿ, "ಇನ್ನೂ ಸಾಲದು" ಎಂದು ಎದ್ದುಹೋದರು.

ಈ ಹುಚ್ಚಿನಲ್ಲಿ ಅವರಿಗಿದ್ದ ಒಬ್ಬರೇ ಜತೆಗಾರರು ಕಮಲಾಪುರದ ಉಸ್ತಾದರು. ತಗಡಿನ ಕೆಲಸದವರು, ಡ್ರಮ್ಮು ಮಾಡಿಕೊಟ್ಟವರೇ ಅವರು. ಬಾಳೆದಿಂಡಿನ ಬಂಡಿಯ ಜೊತೆ ವಾರಕ್ಕೊಮ್ಮೆ ಬಂದು, ಇಳಿದವರೇ ಮೊದಲು ಕೇಳುವುದು, "ಕಾವು ಅದ ಏನ್ರೀ ಮಾಸ್ತರ್ ಸಾಬ್?" ಮಾವ ಎಣಿಕೆ ಹೇಳುವರು. ಅದರಲ್ಲಿ ಒಂದಂಕಿ ಹೆಚ್ಚುಕಡಿಮೆ ಆಗುವಂತಿಲ್ಲ.

ಒಮ್ಮೆ ಜಿಲ್ಲೆಯ ಅಧಿಕಾರಿ, ತಾಲೂಕದಾರ ಸಾಹೇಬರೇ ನೋಡಲು ಬಂದರು. ಒಪ್ಪಿದರೆ ಊರಿನ ಹೊಲಸಿಗೆಲ್ಲ ಇಂಥ ಡ್ರಮ್ಮು! ಸಾಹೇಬರು ಉರಿ ನೋಡಿ ಶಾಭಾಷ್ ಎಂದು, ಹೊರಬಂದ ಗೊಬ್ಬರವನ್ನು ಚಿಟಿಕೆಯಲ್ಲಿ ತೆಗೆದು ಮೂಸಿದರು. ಸುಮ್ಮನಿರಬಾರದೇ ನಮ್ಮ ಮಾವ? "ಇವತ್ತು ಹದಿನಾಲ್ಕು ಎಣಿಸೀನ್ರೀ ಸಾಹೇಬ್ರ. ಇದರಾಗ ರೋಗ ಇನ್ನಾ ಸತ್ತಿಲ್ಲ" ಅಂದುಬಿಟ್ಟರು. ಸಾಹೇಬರು ಕೈತೊಳೆಯಲು ನೀರು ಕೇಳಿದವರು ಮತ್ತೆಂದೂ ಆ ಓಣಿಗೆ ಬರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತೆಂದು ಅತ್ತಿ ವರ್ಷಗಟ್ಟಲೆ ಕೇಳಿದಳು.

ಆಮೇಲೆ ನಿಜಾಮರ ಪರವಾದ ರಜಾಕಾರರ ಹಾವಳಿ. ಓಣಿಯ ಜನ ಸೊಲ್ಲಾಪುರದ ಕಡೆ ಗಂಟು ಕಟ್ಟಿದರು. ಮಾವ ಮಾತ್ರ ಡ್ರಮ್ಮು ತಣ್ಣಗಾಗುತ್ತದೆಂದು ಏಳಲೊಲ್ಲರು. ಉಸ್ತಾದರೇ ಬಂದು ಬಯ್ದರು. "ಜೀವ ಇದ್ರ ಸೆಗಣಿ ಸಿಗ್ತದ. ನೀವು ನಡೀರಿ, ಕಾವಿಗಿ ನಾ ಇರ್ತೀನಿ." ಅಷ್ಟು ಕೇಳಿದ ಮೇಲೇ ಮಾವ ಬಂಡಿ ಹತ್ತಿದ್ದು.

ಭಾರತದ ಸೈನ್ಯ ಬಂದು, ಪೊಲೀಸ್ ಆಕ್ಷನ್ ಮುಗಿದು ನಾವು ಮರಳಿದಾಗ ಊರು ಬೇರೆಯಾಗಿತ್ತು. ಹೋಗುವಾಗ ಹೆದರಿದವರು ನಾವು, ಈಗ ಹೆದರುವ ಸರದಿ ಉಸ್ತಾದರ ಜನರದು. ದಾರಿಯಲ್ಲಿ ಸುಟ್ಟ ಮನೆಗಳು, ಯಾರೂ ಸೇದದ ಬಾವಿಗಳು. ಮಾವ ನೆಟ್ಟಗೆ ಹಿತ್ತಲಿಗೆ ಹೋಗಿ ಡ್ರಮ್ಮಿಗೆ ಕೈಯೊತ್ತಿದರು. ಏಳಕ್ಕೇ ಎಳೆದುಕೊಂಡರು. ಮುಖ ಅರಳಿತು. ಆಗ ಪಕ್ಕದ ಹೊಟ್ಟು ಅಲುಗಾಡಿತು.

ಒಳಗಿದ್ದವರು ಉಸ್ತಾದರು. ಗಲಭೆಯ ಸುದ್ದಿ ಕೇಳಿ ಕಮಲಾಪುರಕ್ಕೆ ಓಡಿದ್ದರಂತೆ. ಇಬ್ಬರು ಮಕ್ಕಳನ್ನು ಮಣ್ಣು ಮಾಡಿ, ತೊಡೆಗೆ ಕೊಡಲಿಯ ಗಾಯ ಮಾಡಿಸಿಕೊಂಡು, ಕೊಟ್ಟ ಮಾತಿಗೆಂದು ಮತ್ತೆ ಇಲ್ಲಿಗೇ ತೆವಳಿ ಬಂದಿದ್ದರು. ಹುಡುಕಿಕೊಂಡು ಬಂದವರು ವಾಸನೆಗೆ ಮೂಗು ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದಲೇ ತಿರುಗಿದ್ದರು. ಹಗಲೆಲ್ಲ ಹೊಟ್ಟಿನಲ್ಲಿ ಹುದುಗಿದ್ದು, ಕತ್ತಲಾದ ಮೇಲೆ ಅದೇ ನೀಲಿ ಉರಿಯ ಮೇಲೆ ನೀರು ಕಾಯಿಸಿ ಡ್ರಮ್ಮಿಗೆ ಹುಯ್ಯುತ್ತಿದ್ದರು.

ಗಾಯ ಕೊಳೆತಿತ್ತು. ಅಂದಿನಿಂದ ಹಂಡೆಯ ನೀರೆಲ್ಲ ಆ ಕಾಲು ತೊಳೆಯಲು ಹೋಯಿತು. ಮಾವ ಉಸ್ತಾದರ ಹಾಸಿಗೆಯ ಮಗ್ಗುಲು ಬಿಟ್ಟು ಏಳಲಿಲ್ಲ. ಉರಿಯನ್ನು ಮುಟ್ಟದಿದ್ದ ಅತ್ತಿ ಅದರ ಮೇಲೇ ಗಂಜಿ ಕಾಯಿಸಿದಳು, ಆಮೇಲೆ ಉರಿಯೂ ಸಣ್ಣಗಾಯಿತು. ಗುಳುಗುಳು ನಿಂತದ್ದು ನಮಗೆಲ್ಲ ಕೇಳಿಸಿತು, ಮಾವನಿಗೆ ಕೇಳಿಸಲಿಲ್ಲ. ಐದನೆಯ ದಿನ ನಾನೇ ಹೋಗಿ ಕೈಯೊತ್ತಿ ನೂರರವರೆಗೆ ಎಣಿಸಿದೆ. ಬಂದು ಮಾವನ ಕಿವಿಯಲ್ಲಿ ಹೇಳಿದೆ. ತಲೆಯಾಡಿಸಿ ಉಸ್ತಾದರ ಕಾಲಿನ ಬಟ್ಟೆ ಬದಲಿಸಿದರು.

ಆ ಸಂಜೆ ಉಸ್ತಾದರು ಕಣ್ಣು ತೆರೆದು ಕೇಳಿದರು. "ಕಾವು ಅದ ಏನ್ರೀ, ಮಾಸ್ತರ್ ಸಾಬ್?"

"ಅದ, ಉಸ್ತಾದ" ಅಂದರು ಮಾವ. "ಐದಕ್ಕಽ ಕೈ ತಗದೆ."

ಹಾಗೆ ಹೇಳುವಾಗ ಅವರ ಅಂಗೈ ಉಸ್ತಾದರ ತಣ್ಣನೆಯ ಪಾದದ ಮೇಲಿತ್ತು. ಬೆಳಗಾಗಿ, ಜನ ಸೇರಿ, ಉಸ್ತಾದರನ್ನು ಎತ್ತುವವರೆಗೂ ಮಾವ ಆ ಕೈ ತೆಗೆಯಲಿಲ್ಲ.