ಹಲಗೆಗೆ ನಾನೇ ಆಸರೆ

ಹಾನಗಲ್ಲಿನ ನಮ್ಮ ಅಡುಗೆಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಒಂದೇ ಉದ್ದನೆಯ ಹಲಗೆ ಹಾಯಿಸಿದ ಮಹಾಶಿಲ್ಪಿ ನಾನೇ. ಹೆಂಡತಿ ಶಾಂತಾಳ ತವರಿನ ತಾಮ್ರ, ಹಿತ್ತಾಳೆ ಪಾತ್ರೆಗಳು ಅದರ ಮೇಲೆ ಸಾಲಾಗಿ ಹೊಳೆಯಬೇಕು. ಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ತಡಸದಿಂದ ಬರುವ ಅವಳ ತಮ್ಮ ಬಸಣ್ಣ ನೋಡಿ ಬೆರಗಾಗಬೇಕು. ಇದು ನನ್ನ ಘನ ಉದ್ದೇಶ.

“ನಡುವ ಒಂದು ಆಸರ ಕೊಡ್ರಿ, ಬಾಗತೈತಿ” ಎಂದಳು ಶಾಂತಾ.

“ಅಂದ ಕೆಡತೈತಿ. ನಿನಗ ತಿಳಿಯಂಗಿಲ್ಲ, ಸುಮ್ನಿರು!”

ಕೆಲವೇ ದಿನಗಳಲ್ಲಿ ಹಲಗೆಗೆ ಹೊಟ್ಟೆ ಬಂತು. ಪಾತ್ರೆಗಳೆಲ್ಲ ನಡುವೆ ಸೇರಿ ಸಭೆ ನಡೆಸಿದವು.

“ಪಂಚಮಿ ಜೋಕಾಲಿ ಅಡಗಿಮನ್ಯಾಗ ಕಟ್ಟೀರೇನ್ರಿ?” ಎಂದಳು ಶಾಂತಾ.

ಸೋಲುವವನೇ ನಾನು? ಹಲಗೆಯನ್ನು ಬಿಚ್ಚಿ ಮಗುಚಿ ಹಾಕಿದೆ. ಹೊಟ್ಟೆ ಬೆನ್ನಾಯಿತು. ಭಾರಕ್ಕೆ ಬೆನ್ನು ತಾನಾಗಿ ಸಮವಾಗುತ್ತದೆ ಎಂಬುದು ನನ್ನ ಶಾಸ್ತ್ರ. ಸಮವಾಯಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ! ಪಂಚಮಿಯ ಹಿಂದಿನ ದಿನದ ರೊಟ್ಟಿ ಹಬ್ಬಕ್ಕೆ ಬಸಣ್ಣನ ಬೈಕು ಬಾಗಿಲಿಗೆ ಬಂದ ಹೊತ್ತಿಗೇ ಹಲಗೆ ‘ಚಟ್’ ಎಂದಿತು. ಓಡಿಹೋಗಿ ಅದರ ನಡುವಿಗೆ ಕೆಳಗಿನಿಂದ ತಲೆ ಕೊಟ್ಟು ನಿಂತೆ.

ಶಾಂತಾ ಅಲ್ಲೇ ತಾಟು ಹಾಕಿದಳು.

“ಬರ್ರಿ ಮಾವಾರ, ಕೂಡೇ ಉಣ್ಣೂಣು” ಎಂದ ಬಸಣ್ಣ.

“ನೀ ಉಣ್ಣಪಾ. ನಾ ನಿಂತಿರ್ತೇನಿ. ಡಾಕ್ಟರು ಹೇಳ್ಯಾರ.”

ಕರೆಯಲು ಬಂದ ತವರಿನವರ ಜೊತೆ ಮನೆಯ ಯಜಮಾನ ಊಟಕ್ಕೆ ಕೂರದಿದ್ದರೆ ನಮ್ಮ ಕಡೆ ದೊಡ್ಡ ಅವಮಾನ. ಬಸಣ್ಣನ ಮುಖ ಸಪ್ಪಗಾಯಿತು.

“ಅಕ್ಕನ್ನ ಕಳಸಾಕ ಮನಸ್ಸಿಲ್ಲೇನ್ರಿ?”

ಶಾಂತಾಳ ಕಣ್ಣು ತುಂಬಿತು. ವರ್ಷವಿಡೀ ಕಾದ ತವರು ಅವಳದು! ನಿಜ ಹೇಳಿದರೆ ನನ್ನ ಮಾನ ಹೋಗುತ್ತಿತ್ತು. ‘ಇಲ್ಲ’ ಎಂದು ತಲೆ ಅಲ್ಲಾಡಿಸುವ ಹಾಗೂ ಇರಲಿಲ್ಲ.

ಬಸಣ್ಣ ಮುನಿಸಿನಲ್ಲೇ ಚೀಲದಿಂದ ಹೊಸ ತಾಮ್ರದ ಕೊಡ ತೆಗೆದ. “ಅವ್ವ ಕಳಿಸ್ಯಾಳ” ಎನ್ನುತ್ತ ಹಲಗೆಯ ಮೇಲೆ, ಸರಿಯಾಗಿ ನನ್ನ ನೆತ್ತಿಯ ಮೇಲೇ ಇಟ್ಟ!

ನನ್ನ ಮೊಳಕಾಲು ಮಡಚಿತು. ಹಲಗೆ ಹಿಂದೆಯೇ ಇಳಿಯಿತು.

“ಅಯ್ಯಯ್ಯೋ, ಹಿಡೀರ್ಯೋ!”

ಇಬ್ಬರೂ ಹಾರಿ ಹಿಡಿದರು. ನಿಜ ತಿಳಿದು ಬಸಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಶಾಂತಾ ಹಿತ್ತಲಿನಿಂದ ಒನಕೆ ತಂದು ಹಲಗೆಯ ನಡುವೆ ಆಸರೆ ಕೊಟ್ಟು ನಿಲ್ಲಿಸಿದಳು. “ಈಗರ ಕುಂಡರ್ರಿ!” ಎಂದಳು. ಕುಳಿತು, ತಲೆ ತಗ್ಗಿಸಿ ಎಳ್ಳು ಹಚ್ಚಿದ ರೊಟ್ಟಿ ತಿಂದೆ.

ಊಟವಾದ ಮೇಲೆ ಶಾಂತಾ ಚೀಲ ಹಿಡಿದು ಹೊರಟಳು. ಅಡುಗೆಮನೆಯ ಬಾಗಿಲಲ್ಲಿ ತಿರುಗಿ ನಿಂತು, ಮೆತ್ತಗೆ, “ನಾ ಬರೂತನಕ ಹುಷಾರಾಗಿ ನಿಂದ್ರಪಾ. ಮನಿ ನಿನ್ನ ನಂಬಿ ಬಿಟ್ಟು ಹೊಂಟೇನಿ” ಎಂದಳು.

ನನ್ನ ಎದೆ ಉಬ್ಬಿತು. “ಹ್ಞೂಂ” ಎಂದೆ.

ಅವಳು ನೋಡುತ್ತಿದ್ದದ್ದು ಒನಕೆಯನ್ನು.