ತಲೆಗೆಷ್ಟು, ಪೆಟ್ಟಿಗೆಗೆಷ್ಟು

ನಮ್ಮ ಆಫೀಸಿನಲ್ಲಿ ಯಾವ ಸಾಮಾನನ್ನೂ ನೆಟ್ಟಗೆ ಕೊಂಡ ಇತಿಹಾಸವಿಲ್ಲ. ಒಂದು ಟೇಬಲ್ ಫ್ಯಾನ್ ತಂದರೂ ಅದರ ಹಿಂದೆ ಒಂದು ರಾಮಾಯಣ ಇದ್ದೇ ಇರುತ್ತದೆ. ಹುಣಸಮಾರನಹಳ್ಳಿಯಲ್ಲಿ ಒಂದು ಬಿರಿಯಾನಿ ಹೋಟೆಲಿನ ಮೇಲಿನ ಮಹಡಿ ನಮ್ಮದು. ಮನೆ ಕಟ್ಟುವವರಿಗೆ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ಸರಬರಾಜು ಮಾಡುತ್ತೇವೆ. ಮಾಲೀಕರು ಇದೇ ಊರಿನವರು. ಅವರು ದ್ರಾಕ್ಷಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಅಪಾರ್ಟ್‌ಮೆಂಟ್ ಬೆಳೆದಿದೆ. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತೇವೆ. ನಾನು ನೋಡಿಕೊಳ್ಳುವುದು ಅಕೌಂಟ್ಸು ಮತ್ತು ಖರೀದಿ, ಅಂದರೆ ಬೈಸಿಕೊಳ್ಳುವ ಎರಡೂ ಕೆಲಸ.

ಹೋದ ವರ್ಷ ಅಣ್ಣ ಯಾವುದೋ ಬೀಗರೂಟಕ್ಕೆ ಹೋಗಿ ಬಂದರು. ಅಲ್ಲಿ ಪಕ್ಕದ ಎಲೆಯವರು ಊಟ ಮಾಡುತ್ತಲೇ ಮೊಬೈಲಿನಲ್ಲಿ ತಮ್ಮ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ತೋರಿಸಿದರಂತೆ. ಯಾವುದು ಕೆಟ್ಟಿದೆ, ಯಾವುದು ಓಡುತ್ತಿದೆ, ಯಾವುದರ ಮುಂದೆ ಕೂತವರು ಸುಮ್ಮನೆ ಕೂತಿದ್ದಾರೆ, ಎಲ್ಲವೂ ಕಾಣುತ್ತಿತ್ತಂತೆ.

"ನಮ್ಗೂ ಒಂದ್ ತರ್ಸಮ್ಮ," ಅಂದರು ಅಣ್ಣ. "ಆದ್ರೆ ಒಂದ್ ಮಾತು. ಇದ್ರ ಖರ್ಚು ದೀಪಾವಳಿ ಬೋನಸ್‌ಗೆ ಇಟ್ಟಿರೋ ದುಡ್ಡಲ್ಲೇ ಓಗ್ಬೇಕು. ಉಳ್ದಿದ್ದು ನಿಮ್ಗೆ."

ನಮ್ಮ ಮನೆಯ ಗ್ರೈಂಡರು ಆಗಲೇ ಕೈಕೊಟ್ಟಿತ್ತು. ಬೋನಸ್ ಬಂದರೆ ಗ್ರೈಂಡರು, ಇಲ್ಲದಿದ್ದರೆ ಇನ್ನೊಂದು ವರ್ಷ ಅಂಗಡಿಯ ಪ್ಯಾಕೆಟ್ ಹಿಟ್ಟು ಮತ್ತು ಅದರ ಬಗ್ಗೆ ಅತ್ತೆಯವರ ಅಭಿಪ್ರಾಯ.

ಗಿರಾಕಿಯ ಮುಖ

ಆ ಸಾಫ್ಟ್‌ವೇರಿನ ವೆಬ್‌ಸೈಟಿನಲ್ಲಿ ಎಲ್ಲವೂ ಇತ್ತು, ಬೆಲೆ ಮಾತ್ರ ಇರಲಿಲ್ಲ. ಬೆಲೆ ಇರಬೇಕಾದ ಜಾಗದಲ್ಲಿ "ನಮ್ಮೊಂದಿಗೆ ಮಾತಾಡಿ" ಎಂದಿತ್ತು. ಮಾತಾಡಿದೆವು. ಕಂಪನಿಯ ಸೇಲ್ಸ್ ಹುಡುಗ ವಿಡಿಯೊ ಕಾಲಿಗೆ ಬಂದ. ನಮ್ಮ ಕಡೆಯ ಕ್ಯಾಮೆರಾ ಆಫ್ ಆಗಿತ್ತು.

"ಎಷ್ಟಾಗತ್ತಪ್ಪ?" ಅಂತ ಕೇಳಿದೆ.

"ಮೇಡಂ, ಅದು ನಿಮ್ಮ ರಿಕ್ವೈರ್‌ಮೆಂಟ್ ಮೇಲೆ ಡಿಪೆಂಡ್ ಆಗತ್ತೆ."

"ಸುಮಾರಾಗಿ ಹೇಳಿ."

"ಸುಮಾರಾಗಿ ಅಂದ್ರೆ, ಡಿಪೆಂಡ್ ಆಗತ್ತೆ ಮೇಡಂ."

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆಗೆ ಕೈ ಹಾಕುವ ಮೊದಲೇ ರೇಟು ಹೇಳುತ್ತಾರೆ. ಈ ಹುಡುಗ ಅರ್ಧ ಗಂಟೆ ಮಾತಾಡಿದರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಣ್ಣನಿಗೆ ಇದು ಚೆನ್ನಾಗಿ ಅರ್ಥವಾಯಿತು. ದ್ರಾಕ್ಷಿ ಮಾರಿದವರಲ್ಲವೇ?

"ಇದು ನಮ್ದೇ ವಿದ್ಯೆ ಕಣಮ್ಮ," ಅಂದರು. "ಗಿರಾಕಿ ಮುಖ ನೋಡಿ ರೇಟ್ ಯೇಳೋದು. ಪಾಪ, ಅವ್ನಿಗೆ ಮುಖಾನೇ ಕಾಣ್ತಿಲ್ಲ. ಕ್ಯಾಮೆರಾ ಆನ್ ಮಾಡು."

ಆನ್ ಮಾಡಿದೆ. ಅಣ್ಣ ಮುಂದಕ್ಕೆ ಬಗ್ಗಿ ಕೈಮುಗಿದರು. ಕೊರಳಿನ ಸರ, ಕೈಯ ಕಡಗ, ನಾಲ್ಕು ಬೆರಳಿನ ಉಂಗುರ ಎಲ್ಲವೂ ತೆರೆಯ ತುಂಬ ಬಂದವು.

ಹುಡುಗ ತಕ್ಷಣ ಬೆಲೆ ಹೇಳಿದ. ಎಲ್ಲಕ್ಕಿಂತ ದುಬಾರಿ ಪ್ಲಾನಿನದು.

ಅರ್ಧ ಜನ ನಿಂತ್ಕೊಳ್ಳಿ

ದುಬಾರಿಯದು ಬೇಡವೆಂದ ಮೇಲೆ ಹುಡುಗ ಮೂರು ದಾರಿ ತೋರಿಸಿದ. ತಲೆ ಲೆಕ್ಕದಲ್ಲಿ ಕೊಳ್ಳಬಹುದು, ಕಂಪ್ಯೂಟರ್ ಲೆಕ್ಕದಲ್ಲಿ ಕೊಳ್ಳಬಹುದು, ಇಲ್ಲವೇ ಏಕಕಾಲಕ್ಕೆ ಎಷ್ಟು ಜನ ಕೆಲಸ ಮಾಡುತ್ತಾರೋ ಅಷ್ಟಕ್ಕೇ ಕೊಳ್ಳಬಹುದು.

ನಾನು ಲೆಕ್ಕಕ್ಕೆ ಕೂತೆ. ನನ್ನದು ಒಂದೇ ತಲೆ, ಆದರೆ ಕಂಪ್ಯೂಟರು ಎರಡು. ಲಾರಿ ಕಳಿಸುವ ಕೌಂಟರಿನಲ್ಲಿ ಒಂದೇ ಕಂಪ್ಯೂಟರು, ಅದಕ್ಕೆ ಶಿಫ್ಟಿನ ಪ್ರಕಾರ ಮೂರು ತಲೆ. ತಲೆ ಎಣಿಸಿದರೆ ಅಲ್ಲಿ ನಷ್ಟ, ಪೆಟ್ಟಿಗೆ ಎಣಿಸಿದರೆ ಇಲ್ಲಿ ನಷ್ಟ. ಸಂಜೆಯ ಹೊತ್ತಿಗೆ ನನ್ನ ತಲೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದೇ ನನಗೆ ಮರೆತುಹೋಗಿತ್ತು.

ಅಣ್ಣನಿಗೆ ಮೂರನೆಯ ದಾರಿ ಬಹಳ ಹಿಡಿಸಿತು. "ಒಟ್ಟಿಗೆ ಕೆಲ್ಸ ಮಾಡಿದ್ರೆ ತಾನೆ ದುಡ್ಡು? ಒಟ್ಟಿಗೆ ಮಾಡ್ಬೇಡಿ. ಅರ್ಧ ಜನ ಕೂತ್ಕೊಳ್ಳಿ, ಅರ್ಧ ಜನ ನಿಂತ್ಕೊಳ್ಳಿ. ಆಮ್ಯಾಕೆ ಬದ್ಲಾಯ್ಸ್ಕೊಳ್ಳಿ."

ಹೀಗೆ, ಕೆಲಸ ಮಾಡದವರನ್ನು ಹಿಡಿಯುವ ಸಾಫ್ಟ್‌ವೇರು ಅಗ್ಗಕ್ಕೆ ಸಿಗಲಿ ಎಂದು ನಮ್ಮ ಆಫೀಸಿನಲ್ಲಿ ಎರಡು ದಿನ ಅರ್ಧ ಜನ ಕೆಲಸ ಮಾಡಲಿಲ್ಲ.

ಕುಷ್ಕದ ಮತ

ಕೊನೆಗೆ ಕೊಂಡದ್ದು ಹುಡುಗ ಆಮೇಲೆ ತೋರಿಸಿದ, ಎಲ್ಲಕ್ಕಿಂತ ಅಗ್ಗವೆನಿಸಿದ ನಾಲ್ಕನೆಯ ಬಗೆ. ವೈಫೈಗೆ ಸೇರಿದ ಪ್ರತಿಯೊಂದು ಡಿವೈಸೂ ಎಣಿಕೆಗೆ ಬರುತ್ತದೆ. ತಿಂಗಳಲ್ಲಿ ಒಂದೇ ಒಂದು ಸಲ ಸೇರಿದರೂ ಸರಿ, ಆ ತಿಂಗಳಿಗೆ ಅದರ ಲೆಕ್ಕ. ಐವತ್ತರೊಳಗೆ ಇದ್ದರೆ ಒಂದು ಬೆಲೆ, ಐವತ್ತು ದಾಟಿದರೆ ಎರಡರಷ್ಟು, ನೂರು ದಾಟಿದರೆ ಇನ್ನೂ ಮೇಲೆ.

ನಮ್ಮಲ್ಲಿ ಅಬ್ಬಬ್ಬಾ ಅಂದರೆ ಇಪ್ಪತ್ತು ಕಂಪ್ಯೂಟರು. ನಮ್ಮ ಸಿಸ್ಟಮ್ ನೋಡಿಕೊಳ್ಳುವವರು ಆರ್.ಟಿ. ನಗರದಿಂದ ಬರುವ ಭಾಯ್. ಅವರು ಸಾಫ್ಟ್‌ವೇರ್ ಹಾಕಿ ನೋಡಿದರೆ ಐವತ್ತು ದಾಟಿಬಿಟ್ಟಿದೆ! ಪ್ರಿಂಟರು, ಸಿಸಿ ಕ್ಯಾಮೆರಾ, ಹೆಬ್ಬೆಟ್ಟಿನ ಹಾಜರಿ ಯಂತ್ರ, ಎಲ್ಲರ ಮೊಬೈಲು, ಅಣ್ಣನ ರೂಮಿನ ಟಿವಿ ಎಲ್ಲವೂ ಎಣಿಕೆಯಲ್ಲಿದ್ದವು. ಬಿಲ್ಲಿನ ಲೆಕ್ಕ ಶುರುವಾಗುವ ಮೊದಲೇ ಭಾಯ್ ಒಬ್ಬೊಬ್ಬರ ಮೊಬೈಲನ್ನೂ ವೈಫೈಯಿಂದ ಕಿತ್ತು ಹಾಕಿದರು. ಆದರೂ ಎಣಿಕೆ ಐವತ್ತಕ್ಕೇ ಬಂದು ನಿಂತಿತು. ಇನ್ನೊಂದು ಸೇರಿದರೆ ಬೋನಸ್ಸಿಗೆ ಇನ್ನೂ ದೊಡ್ಡ ಕತ್ತರಿ. ಒಂದಾದರೂ ಕಳೆಯೋಣವೆಂದು ಹುಡುಕಿದರೆ, ಕೆಳಗಿನ ಬಿರಿಯಾನಿ ಹೋಟೆಲಿನ ಬಿಲ್ ಮಾಡುವ ಯಂತ್ರ ಸಿಕ್ಕಿಬಿತ್ತು.

ಅದಕ್ಕೆ ನಮ್ಮ ವೈಫೈ ಕೊಟ್ಟಿದ್ದವರು ಅಣ್ಣನೇ. ಪ್ರತಿಯಾಗಿ ಶುಕ್ರವಾರ ಶುಕ್ರವಾರ ಆಫೀಸಿಗೆಲ್ಲ ಬಿರಿಯಾನಿ ಬರುತ್ತಿತ್ತು. ನಾನು ಮಾಂಸ ತಿನ್ನುವುದಿಲ್ಲವಾದ್ದರಿಂದ ನನಗೆ ಬರೀ ಕುಷ್ಕ, ಕೋಳಿಯಿಲ್ಲದ ಮಸಾಲೆ ಅನ್ನ.

"ಕಟ್ ಮಾಡೋಣ ಮೇಡಂ," ಅಂದರು ಭಾಯ್. "ಅರೇ, ಅದೂ ಒಂದು ಬಿರಿಯಾನಿನಾ? ಅನ್ನಕ್ಕೆ ಕೋಳಿ ತೋರಿಸಿ ವಾಪಸ್ ತಗೊಂಡಿರ್ತಾರೆ."

ಕೈ ಎತ್ತಿಸಿದೆವು. ಕಟ್ ಮಾಡಲು ಒಂದೇ ಮತ ಬಿತ್ತು, ಭಾಯ್‌ದು. ಬಿರಿಯಾನಿಯ ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಕುಷ್ಕದವಳು.

ಉರಿಯೋ ದೀಪಕ್ಕೇ ಪೂಜೆ

ಅಷ್ಟರಲ್ಲಿ ಆಯುಧಪೂಜೆ ಬಂತು. ಅಣ್ಣನ ಮನೆತನದಲ್ಲಿ ಒಂದು ಪದ್ಧತಿ. ಹಬ್ಬಕ್ಕೆ ಬಂದ ಬಂಧುಗಳೆಲ್ಲ ತಮ್ಮ ತಮ್ಮ ಆಯುಧಗಳನ್ನು ಒಂದೇ ಕಡೆ ಇಟ್ಟು ಪೂಜೆ ಮಾಡಿಸುತ್ತಾರೆ. ಹಿಂದೆ ನೇಗಿಲು, ಕುಡುಗೋಲು, ಪಂಪ್‌ಸೆಟ್ಟು ಬರುತ್ತಿದ್ದವು. ಈಗ ಆ ಹೊಲಗಳೇ ಇಲ್ಲ. ಬಾಗಲೂರಿನಿಂದ, ಯಲಹಂಕದಿಂದ ಅಣ್ಣ-ತಮ್ಮಂದಿರು, ಭಾವಂದಿರು, ಅಳಿಯಂದಿರೆಲ್ಲ ನಮ್ಮ ಆಫೀಸಿಗೇ ಬಂದರು. ಲ್ಯಾಪ್‌ಟಾಪುಗಳು, ಮಕ್ಕಳ ಟ್ಯಾಬುಗಳು, ಸೈಟು ಅಳೆಯುವ ಅಳಿಯನ ಡ್ರೋನು ಎಲ್ಲವೂ ಜಮಖಾನದ ಮೇಲೆ ಸಾಲಾಗಿ ಕೂತವು. ನಾನು ಒಂದೊಂದಕ್ಕೂ ಕುಂಕುಮವಿಟ್ಟು ಸೇವಂತಿಗೆ ಇಡುತ್ತಾ ಹೋದೆ. ಎಲ್ಲವೂ ಆಫ್ ಆಗಿದ್ದವು. ನನಗೆ ನೆಮ್ಮದಿ.

ಅಣ್ಣನ ತಾಯಿ, ತೊಂಬತ್ತರ ಅಜ್ಜಿ, ಊರುಗೋಲಿನಿಂದ ಒಂದು ಲ್ಯಾಪ್‌ಟಾಪನ್ನು ತಟ್ಟಿದರು. "ಇದ್ಯಾಕ್ಲಾ ಕಣ್ ಮುಚ್ಕೊಂಡೈತೆ? ಜೀವ ಇಲ್ದಿದ್ಕೆ ಎಂಥಾ ಪೂಜೆ? ದೀಪ ಅಚ್ರಿ ಎಲ್ಲದ್ಕೂ!"

ಅಜ್ಜಿಯ ಮಾತು ಮೀರಿದವರು ಆ ವಂಶದಲ್ಲಿ ಯಾರೂ ಇಲ್ಲ. ಎಲ್ಲವೂ ಆನ್ ಆದವು. ಆನ್ ಆದ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ವೈಫೈ ಪಾಸ್‌ವರ್ಡು ಕೇಳಿದರು. "ಅಬ್ಬದ್ ದಿನ ಇಲ್ಲ ಅನ್ಬಾರ್ದು," ಎಂದು ಅಣ್ಣ ಅದನ್ನು ಗೋಡೆಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದರು. ಫ್ಯಾಮಿಲಿ ಗ್ರೂಪಿಗೆ ಫೋಟೊ ಕಳಿಸಲು ಎಲ್ಲರ ಮೊಬೈಲೂ ಸೇರಿಕೊಂಡವು. ಕುಂಬಳಕಾಯಿ ಒಡೆದು ಕೈತೊಳೆದು ಬಂದ ಪುರೋಹಿತರೂ ಬೋರ್ಡು ನೋಡಿ ಕನ್ನಡಕ ಹಾಕಿಕೊಂಡರು.

ಅಕ್ಕಿಕಾಳು ಹಾಕುತ್ತಿದ್ದ ನನ್ನ ಪಕ್ಕಕ್ಕೆ ಭಾಯ್ ಬಂದು ನಿಂತರು. "ಮೇಡಂ, ಎಂಬತ್ತಾಯ್ತು," ಅಂದರು. ಮಂಗಳಾರತಿಯ ಹೊತ್ತಿಗೆ, "ತೊಂಬತ್ತೊಂಬತ್ತು."

ಎಲ್ಲರೂ ಆರತಿಗೆ ಕೈಮುಗಿಯುತ್ತಿದ್ದರು. ನಾನು ನನ್ನ ಗ್ರೈಂಡರಿಗೆ ಕೈಮುಗಿದೆ.

ನೂರಾ ಒಂದು

ಅದೇ ವಾರ ಸೇಲ್ಸ್ ಹುಡುಗ ಸ್ವೀಟ್ ಬಾಕ್ಸ್ ಹಿಡಿದು ಖುದ್ದಾಗಿ ಬಂದ. "ಕಂಗ್ರಾಟ್ಸ್ ಸರ್! ನಿಮ್ಮ ಕಂಪನಿ ಒಂದೇ ದಿನದಲ್ಲಿ ಡಬಲ್ ಆಗಿದೆ."

"ಅದು ಕಂಪನಿ ಅಲ್ಲಪ್ಪ, ಹಬ್ಬ," ಎಂದು ನಾನು ಎಲ್ಲವನ್ನೂ ವಿವರಿಸಿದೆ. ಆಫೀಸಿನವರೆಲ್ಲ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು.

"ಅರ್ಥ ಆಗತ್ತೆ ಮೇಡಂ. ಆದ್ರೆ ಪಾಲಿಸಿ ಪಾಲಿಸಿನೇ ಅಲ್ವಾ? ಸೇರಿದ್ದನ್ನ ನಾವು ತೆಗೆಯೋಕಾಗಲ್ಲ. ನಿಮ್ಮ ಅದೃಷ್ಟ, ನೂರು ದಾಟಿಲ್ಲ. ತಾಳಿ, ಲೈವ್ ಆಗಿ ತೋರಿಸ್ತೀನಿ."

ಲ್ಯಾಪ್‌ಟಾಪ್ ತೆಗೆದ. ಬೋರ್ಡಿನ ಮೇಲಿನ ಪಾಸ್‌ವರ್ಡನ್ನು ಯಾರೂ ಅಳಿಸಿರಲಿಲ್ಲ. ಅದನ್ನು ನೋಡಿಕೊಂಡು ಲ್ಯಾಪ್‌ಟಾಪಿಗೂ ಹಾಕಿದ, ಮೊಬೈಲಿಗೂ ಹಾಕಿದ. ಪರದೆಯನ್ನು ಅಣ್ಣನ ಕಡೆ ತಿರುಗಿಸಿದ. ಅದರಲ್ಲಿ ಕೆಂಪಗೆ ನೂರಾ ಒಂದು ಎಂದಿತ್ತು.

ಅಣ್ಣ ನಿಧಾನವಾಗಿ ಒಂದು ಮೈಸೂರುಪಾಕ್ ಬಾಯಿಗೆ ಹಾಕಿಕೊಂಡರು.

"ಈ ಕೊನೇ ಎರಡು ಯಾರ್ದಪ್ಪ?"

"ಅದು... ನಂದೇ ಸರ್. ತೆಗೆದುಬಿಡ್ತೀನಿ."

"ಎಂಗೆ ತೆಗೀತೀಯ? ಸೇರಿದ್ದನ್ನ ತೆಗೆಯಾಕಾಗಲ್ಲ ಅಂತ ನೀನೇ ಯೇಳ್ದೆ. ಇವಾಗ ಯೇಳು, ಈ ಜಾಸ್ತಿ ದುಡ್ಡು ಯಾರ್ ಬೋನಸ್‌ನಾಗೆ ಇಡ್ಕೊಳ್ಳಾನ? ಇವ್ರದಾ, ನಿಂದಾ?"

ಹುಡುಗ ಹೊರಗೆ ಹೋಗಿ ತನ್ನ ಮ್ಯಾನೇಜರಿಗೆ ಫೋನ್ ಮಾಡಿದ. ಪಾಪ, ಆ ಕಡೆಯಿಂದ ಅವನಿಗೆ ಬಿದ್ದ ಬೈಗುಳ ನಮಗೂ ಕೇಳಿಸಿತು. ಒಳಗೆ ಬಂದವನು, "ಈ ತಿಂಗಳು ಐವತ್ತರೊಳಗಿನ ಹಳೇ ರೇಟೇ ಸರ್," ಎಂದ. ಹೋಗುವಾಗ ತಾನೇ ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಒರೆಸಿ ಹೋದ.

ದೀಪಾವಳಿಗೆ, ಹಳೇ ರೇಟು ಕಳೆದು ಉಳಿದ ಬೋನಸ್ ಪೂರ್ತಿ ಬಂತು! ಅವತ್ತೇ ಸಂಜೆ ಯಲಹಂಕದ ಅಂಗಡಿಗೆ ಹೋದೆ. ಬೆಲೆಗಳನ್ನು ಚೀಟಿಯಲ್ಲಿ ಬರೆದು ಗ್ರೈಂಡರಿನ ಮೇಲೆಯೇ ಅಂಟಿಸಿದ್ದರು. ನೋಡಿ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಂಗಡಿಯವರು ನಗುತ್ತಾ ಕೇಳಿದರು, "ಮನೇಲಿ ಎಷ್ಟು ಜನ ಇದ್ದೀರಿ ಮೇಡಂ?"

ಇಲ್ಲೂ ತಲೆ ಲೆಕ್ಕದಲ್ಲೇ ಬೆಲೆ!

"ನಾನೊಬ್ಬಳೇ," ಅಂದುಬಿಟ್ಟೆ.

ಅವರು ಕೇಳಿದ್ದು ಎಷ್ಟು ಲೀಟರಿನದು ಕೊಡಬೇಕು ಎಂದು ತಿಳಿಯಲಿಕ್ಕೆ. ನನಗದು ಮನೆಗೆ ಬಂದು ಡಬ್ಬ ಬಿಚ್ಚಿ, ಒಬ್ಬರಿಗಾಗುವಷ್ಟೇ ಪುಟ್ಟ ಗ್ರೈಂಡರು ನೋಡಿದ ಮೇಲೆ ಹೊಳೆಯಿತು. ಮನೆಯಲ್ಲಿ ನಾವು ಆರು ಜನ. ಈಗ ಒಂದು ಹೊತ್ತಿನ ದೋಸೆಗೆ ನಾಲ್ಕು ಸಲ ರುಬ್ಬುತ್ತೇನೆ, ಮತ್ತು ನಾಲ್ಕು ಸಲವೂ ಅತ್ತೆಯವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿರುತ್ತಾರೆ.