ಹುಣಸಿಮರದ ಹೈಕೋರ್ಟಿನ ಕೊನೆಯ ಸಂಪುಟ

ಬೈಲಹೊಂಗಲದ ವಕೀಲರಾದ ನಮ್ಮ ಸೋದರಮಾವನಿಗೆ ಹೆಸರು ತಂದುಕೊಟ್ಟವರು ಸತ್ತ ಕಕ್ಷಿದಾರರು ಎಂದರೆ ನೀವು ನಂಬಲಿಕ್ಕಿಲ್ಲ. ಬದುಕಿದ್ದ ಕಕ್ಷಿದಾರರು ಎರಡನೆಯ ತಾರೀಖಿಗೇ ಬೇರೆ ವಕೀಲರನ್ನು ಹುಡುಕಿಕೊಳ್ಳುತ್ತಿದ್ದರು!

ಮಾಮಾ ಕೋರ್ಟಿನಲ್ಲಿ ವಾದ ಮಾಡಿದ್ದಕ್ಕಿಂತ ಹಳೆಯ ಅರ್ಜಿಗಳ ಬೆನ್ನ ಮೇಲೆ ಚಿತ್ರ ಬರೆದದ್ದೇ ಹೆಚ್ಚು. ತೊಂಬತ್ತರ ದಶಕದಲ್ಲಿ ಹಾಗೆ ಹುಟ್ಟಿದ್ದು 'ಹುಣಸಿಮರದ ಹೈಕೋರ್ಟ' ಎಂಬ ಚಿತ್ರಕಥೆಯ ಮಾಲೆ. ಕೇಸು ಮುಗಿಯುವ ಮೊದಲೇ ತೀರಿಕೊಂಡ ವಕೀಲರೂ ಕಕ್ಷಿದಾರರೂ ದೆವ್ವಗಳಾಗಿ ಮರದ ಮೇಲೆ ಕೋರ್ಟು ನಡೆಸುತ್ತಾರೆ. ತೀರ್ಪು ಬಂದವನಿಗೆ ಸ್ವರ್ಗ, ಬಾರದವನಿಗೆ ಮುಂದಿನ ತಾರೀಖು. ನ್ಯಾಯಾಧೀಶರು ತಲೆಕೆಳಗಾಗಿ ಜೋತುಬಿದ್ದಿರುವುದರಿಂದ ಅರ್ಜಿಯನ್ನೂ ತಲೆಕೆಳಗಾಗಿಯೇ ಕೊಡಬೇಕು. ನೆಟ್ಟಗೆ ಕೊಟ್ಟರೆ ವಜಾ! ಕೋರ್ಟಿನೆದುರಿನ ಝೆರಾಕ್ಸ್ ಅಂಗಡಿಯಿಂದ ಇದರ ಪ್ರತಿಗಳು ಸವದತ್ತಿ, ರಾಮದುರ್ಗದವರೆಗೂ ಹೋಗುತ್ತಿದ್ದವು.

ಮೊದಲ ಸಂಪುಟದಿಂದಲೂ ಬೆಂಚಿನ ತುದಿಗೆ ತಲೆಗೆ ಪಟಗಾ ಸುತ್ತಿದ ಒಂದು ದೆವ್ವ ಕುಳಿತಿತ್ತು. ಅದು ಕಟಕೋಳದ ನೀಲವ್ವನ ಗಂಡ, ಮಾಮಾನ ಖರೇ ಕಕ್ಷಿದಾರ. ಒಡಹುಟ್ಟಿದ ತಮ್ಮ ಹೊಲದ ಬಂಡಿದಾರಿಗೆ ಮುಳ್ಳು ಬಡಿದು ಅಡ್ಡಗಟ್ಟಿದನೆಂದು ದಾವೆ ಹೂಡಿ, ತೀರ್ಪು ಕಾಣದೆ ಹೋಗಿದ್ದ. "ಅವರನ್ನೂ ಒಂದು ಮೂಲ್ಯಾಗ ಕುಂದರಸ್ರಿ" ಎಂದು ನೀಲವ್ವನೇ ಕೇಳಿಕೊಂಡಿದ್ದಳು.

ಆದರೆ ಎದುರುಪಾರ್ಟಿ ಹಾಜರಾಗದೆ ಕೇಸು ನಡೆಯುವುದು ಹೇಗೆ? ಆ ತಮ್ಮನೋ ಕಟಕೋಳದಲ್ಲಿ ಗಟ್ಟಿಮುಟ್ಟಾಗಿ ಬದುಕಿದ್ದಾನೆ! ಪ್ರತಿ ಸಂಪುಟದ ಕೊನೆಗೆ ಕೋರ್ಟಿನ ಜವಾನ ಪಟ್ಟೇವಾಲಾ ದೆವ್ವ ಮೂರು ಸಲ ಅವನ ಹೆಸರು ಕೂಗುತ್ತದೆ. ಉತ್ತರವಿಲ್ಲ. 'ಎದುರುಪಾರ್ಟಿ ಜೀವಂತ. ಮುಂದಿನ ತಾರೀಖು.' ಹನ್ನೊಂದು ಸಂಪುಟ ಹೀಗೇ ಮುಗಿದವು.

ಅಷ್ಟರಲ್ಲಿ ಮಾಮಾನ ಕಣ್ಣು ಮಂಜಾದವು. ಹನ್ನೆರಡನೆಯದೇ ಕೊನೆಯ ಸಂಪುಟವೆಂದು ಅವರು ಸಾರಿದ ಮರುದಿನವೇ ನೀಲವ್ವ ಬಸ್ಸಿಳಿದಳು.

"ವಕೀಲ್ರ, ಖರೇ ಕೋರ್ಟಿಂದು ಇರ್ಲಿ. ಪುಸ್ತಕದಾಗರೆ ಅವರನ್ನ ಬೆಂಚಿನಿಂದ ಎಬ್ಬಸ್ರಿ. ಕುಂತು ಕುಂತು ಸೊಂಟ ಹಿಡದಿರತೈತಿ."

"ಎದುರುಪಾರ್ಟಿ ಬರದ ಹ್ಯಾಂಗ ಎಬ್ಬಸ್ಲಿ ಯವ್ವಾ? ಪದ್ಧತಿ ಅಂತ ಒಂದ ಐತಿ."

"ದೆವ್ವಕ್ಕ ಎಂಥಾ ಪದ್ಧತಿರಿ?"

"ದೆವ್ವ ಆದ್ರೂ ಕೋರ್ಟ ನಡಸಾವರು ವಕೀಲ್ರು!"

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಮಾಮಾ ಆ ದಿನ ಊಟ ಮಾಡಲಿಲ್ಲ. ಪದ್ಧತಿಯನ್ನೂ ಬಿಡಲಿಲ್ಲ.

ವಾರ ಕಳೆದ ಮೇಲೆ ಸಾಕ್ಷಾತ್ ಎದುರುಪಾರ್ಟಿಯೇ ಹನ್ನೊಂದನೆಯ ಸಂಪುಟ ಹಿಡಿದು ನುಗ್ಗಿದ.

"ಏನ್ರಿ ವಕೀಲ್ರ, ನಾ ಸಾಯೂದಕ್ಕ ತಾರೀಖ ಕೊಡಾಕ ಹತ್ತೀರಿ? ಚಾದಂಗಡ್ಯಾಗ ಮಂದಿ ಕೇಳತಾರ, ಯಾವಾಗ ಹಾಜರಾಗ್ತಿ ಅಂತ!"

"ಜೀವಂತ ಹಾಜರಾದ್ರೂ ನಮ್ಮ ಕೋರ್ಟಿಂದು ತಕರಾರಿಲ್ಲ" ಎಂದು ಮಾಮಾ ಹನ್ನೆರಡನೆಯ ಸಂಪುಟದ ಕೊನೆಯ ಪುಟವನ್ನು ಮುಂದಿಟ್ಟರು. ಪಟ್ಟೇವಾಲಾ ಮೂರು ಸಲ ಕೂಗಿ ಆಗಿದೆ. ಉತ್ತರದ ಜಾಗ ಖಾಲಿ. ಬೆಂಚಿನ ಮೇಲೆ ಅಣ್ಣ ದಾರಿ ನೋಡುತ್ತ ಕುಳಿತಿದ್ದಾನೆ.

ಆತ ಬಹಳ ಹೊತ್ತು ನೋಡಿದ. ದನಿ ಇಳಿಯಿತು.

"ಅಣ್ಣನ ಪಟಗಾ ಹಿಂಗ ಎಡಕ್ಕ ವಾಲತಿತ್ತು. ನಾನ ನೆಟ್ಟಗ ಮಾಡತಿದ್ದೆ."

ಪೆನ್ನು ಕೇಳಿ, ಖಾಲಿ ಜಾಗದಲ್ಲಿ ಬರೆದ: 'ಹಾಜರ ಅದೀನಿ ಅಣ್ಣಾ. ಮುಳ್ಳ ತಗಸ್ತೇನಿ.'

ಮುಂದಿನ ವಾರ ನೀಲವ್ವ ಬಂದಳು. ಮುಳ್ಳು ತೆಗೆಸಿದ ಅದೇ ದಾರಿಯಲ್ಲಿ ಬಂಡಿ ಹೊಡೆಸಿಕೊಂಡು ಬಂದು ಬಸ್ಸು ಹಿಡಿದಿದ್ದಳಂತೆ. ಮಾಮಾ ಕೊನೆಯ ಚಿತ್ರ ತೋರಿಸಿದರು. ಬೆಂಚು ಖಾಲಿ. ಕೆಳಗೆ ತಾರೀಖೂ ಇಲ್ಲ.

ನೀಲವ್ವ ಆ ಬೆಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಎದ್ರಾ?"

"ಎದ್ರು ಯವ್ವಾ."

"ಪಟಗಾ?"

ಮಾಮಾ ಕನ್ನಡಕ ತೆಗೆದು ಒರೆಸತೊಡಗಿದರು.

"ತಮ್ಮ ನೆಟ್ಟಗ ಮಾಡಿ ಕಳಿಸ್ಯಾನ."